ಕುಂಕುಮವಿಲ್ಲದ ಮೊರ

ನಾನು ಡಿಗ್ರಿ ಮಾಡುವುದು ಆಗದ ಮಾತು ಎಂದವರು ಇಬ್ಬರು. ಒಬ್ಬರು ನನ್ನ ಸೋದರಮಾವ. ಅವರು ಯಾವ ಹೆಣ್ಣುಮಗಳ ಬಗ್ಗೆಯೂ ಯಾವ ಓದಿನ ಬಗ್ಗೆಯೂ ಬೇರೆ ಮಾತು ಆಡಿದವರಲ್ಲ. ಹಾಗಾಗಿ ನನಗೆ ಬೇಸರವೂ ಆಗಲಿಲ್ಲ. ಇನ್ನೊಬ್ಬರು ಗಾವಡಗೆರೆ ಕಡೆ ಒಂದು ಹೊಗೆಸೊಪ್ಪಿನ ಶೆಡ್ಡಿನಲ್ಲಿ ನನ್ನ ಪಕ್ಕದಲ್ಲಿ ಕೂತು ಎಲೆ ವಿಂಗಡಿಸುತ್ತಿದ್ದ ಹೆಂಗಸು. ಅವರ ಮಾತು ಮಾತ್ರ ನಾಟಿತು.

"ಆಗಲ್ಲ ಕಣವ್ವ. ಬೆಳಗ್ಗೆ ಎಂಟರಿಂದ ಸಂಜೆ ಆರರ ಗಂಟ ಇಲ್ಲೇ ಕುಂತಿರ್ತೀಯ. ಮನೇಗೋದ್ರೆ ಮುದ್ದೆ ತೊಳಸ್ಬೇಕು. ಓದೋದು ಯಾವಾಗ, ಕನಸ್ನಲ್ಲಾ?"

ಶೆಡ್ಡಿನಲ್ಲಿ ಎಲ್ಲರೂ ಅವರನ್ನು ದೊಡ್ಡವ್ವ ಎನ್ನುತ್ತಿದ್ದರು. ನಾನೂ ಇಲ್ಲಿ ಹಾಗೇ ಬರೆಯುತ್ತೇನೆ. ಅವರ ಹೆಸರು ನನಗೆ ಗೊತ್ತು, ಆದರೆ ಅವರ ಕೊನೆಯ ವರ್ಷಗಳಲ್ಲಿ ಆ ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. "ತಿಂಗ್ಳಿಗೊಂದ್ಸಲ ರೇಷನ್ ಅಂಗ್ಡಿಯೋನು ಕೂಗ್ತಾನೆ. ಯಾರನ್ನೋ ಕೂಗ್ತಾವ್ನೆ ಅಂತ ನಾನೂ ಸುಮ್ಕೆ ನಿಂತಿರ್ತೀನಿ" ಎಂದು ಒಮ್ಮೆ ಹೇಳಿ ನಕ್ಕಿದ್ದರು. ಅವರು ತೀರಿಕೊಂಡು ಈಗ ಐದು ವಾರವಾಯಿತು.

ನಾನು ಶೆಡ್ಡಿಗೆ ಸೇರಿದಾಗ ನನಗೆ ಇಪ್ಪತ್ತೊಂದು. ಪಿಯುಸಿ ಮುಗಿದು ಮೂರು ವರ್ಷ ಮನೆಯಲ್ಲಿ ಕೂತಿದ್ದೆ. ದೂರಶಿಕ್ಷಣದಲ್ಲಿ ಬಿ.ಎ. ಕಟ್ಟಿದೆ, ಅದರ ಖರ್ಚಿಗೆ ಕೆಲಸಕ್ಕೆ ಬಂದೆ. ನಮ್ಮದು ಎರಡು ಎಕರೆ ಬೆದ್ದಲು. ನಮ್ಮ ಮನೆತನದಲ್ಲಿ ನನಗಿಂತ ಮುಂಚೆ ಹತ್ತನೇ ಕ್ಲಾಸು ದಾಟಿದವರಿಲ್ಲ. ಇದನ್ನು ನಾನು ನಾಚಿಕೆಯಿಂದ ಹೇಳುತ್ತಿಲ್ಲ.

ಮೊದಲ ದಿನ ಒಳಗೆ ಕಾಲಿಟ್ಟಾಗ ಹತ್ತು ಹನ್ನೆರಡು ಹೆಂಗಸರು ಸೀರೆಯ ಮೇಲೆ ಗಂಡಸರ ಹಳೇ ಶರ್ಟು ಹಾಕಿಕೊಂಡು ಸಾಲಾಗಿ ಕೂತಿದ್ದರು. ಬಾಗಿಲ ಬೆಳಕು ಚೆನ್ನಾಗಿ ಬೀಳುವ ಕಡೆ, ದೊಡ್ಡವ್ವನ ಪಕ್ಕದಲ್ಲಿ, ಮಡಿಸಿದ ಗೋಣಿಚೀಲವೊಂದು ಖಾಲಿ ಇತ್ತು. ನಾನು ಹೋಗಿ ಅದರ ಮೇಲೆ ಕೂತೆ.

"ಏಳವ್ವ, ಏಳು. ಅದು ದೇವ್ರ ಜಾಗ" ಎಂದು ನಾಲ್ಕು ಕಡೆಯಿಂದ ಕೂಗಿದರು. "ಪಿಯುಸಿ ಓದವ್ಳಂತೆ, ಅಷ್ಟೂ ಗೊತ್ತಾಗಲ್ವಾ" ಎಂದು ಯಾರೋ ಸೇರಿಸಿದರು.

ನಾನು ಗಾಬರಿಯಿಂದ ಏಳುತ್ತಿದ್ದಾಗ ದೊಡ್ಡವ್ವ ಎಲೆಯಿಂದ ಕಣ್ಣು ತೆಗೆಯದೆ ಹೇಳಿದರು: "ಕುಂತ್ಕಳ್ಳಿ ಬುಡಿ. ಅವ್ನೇನು ದಿನಾ ಬತ್ತಾನಾ."

ಎಲ್ಲರೂ ನಕ್ಕರು. ಅವರು ನಗಲಿಲ್ಲ. ಮಾರನೆಯ ದಿನ ಮನೆಯಿಂದ ಇನ್ನೊಂದು ಚೀಲ ತಂದು ನನಗೆ ಹಾಸಿಕೊಟ್ಟರು. ದೇವರದು ಇದ್ದಲ್ಲೇ ಇತ್ತು, ಅವರ ಬಲಕ್ಕೆ. ನನ್ನದು ಎಡಕ್ಕೆ.

ಆ ಚೀಲದ ಕಥೆ ಇಷ್ಟು. ಅವರ ತವರು ಕೆ.ಆರ್.ನಗರದ ಕಡೆ, ನಾಲೆ ನೀರಿನ ಊರು. ಅವರ ತಂದೆ ಶ್ರಾವಣ ಮಾಸದಲ್ಲಿ ದೇವಸ್ಥಾನದ ಜಗಲಿಯ ಮೇಲೆ ಪುರಾಣ ಓದುತ್ತಿದ್ದರಂತೆ. ಓದುವ ಮುಂಚೆ ಎದುರಿಗೆ ಒಂದು ಮಣೆ ಹಾಕುವುದು ರೂಢಿ. ನನ್ನ ಕಥೆ ಎಲ್ಲಿ ನಡೆಯುತ್ತದೋ ಅಲ್ಲಿ ನಾನಿರುತ್ತೇನೆ ಎಂದು ಭಗವಂತ ಮಾತು ಕೊಟ್ಟಿದ್ದಾನಲ್ಲ, ಬಂದವನು ನಿಂತುಕೊಂಡು ಕೇಳಬಾರದು ಎಂದು ಆ ಮಣೆ. ದೊಡ್ಡವ್ವನಿಗೆ ಅಕ್ಷರ ಬರುತ್ತಿರಲಿಲ್ಲ. ಕಂಬದ ಹಿಂದೆ ಕೂತು ಕೇಳಿ ಕೇಳಿ ಎಲ್ಲವನ್ನೂ ಬಾಯಿಗೆ ತಂದುಕೊಂಡಿದ್ದರು. ಶೆಡ್ಡಿನಲ್ಲಿ ಕಥೆ ಹೇಳುವಾಗ ಮಣೆಯ ಬದಲು ಗೋಣಿಚೀಲ.

ಕೇಳುವವರಿಗೂ ಒಂದು ನಿಯಮವಿತ್ತು. ಅವರು ಒಂದು ಮಾತು ಮುಗಿಸಿದ ಕೂಡಲೇ ಯಾರಾದರೂ "ಹೂಂ" ಅನ್ನಬೇಕು. ಅನ್ನದಿದ್ದರೆ ಕಥೆ ನಿಲ್ಲುತ್ತಿತ್ತು. ಮೊದಲೆಲ್ಲ ಇಡೀ ಸಾಲು ಹೂಂಗುಟ್ಟುತ್ತಿತ್ತಂತೆ. ನಾನು ಹೋಗುವ ಹೊತ್ತಿಗೆ ಅರ್ಧ ಜನ ಕಿವಿಗೆ ವಯರು ಸಿಕ್ಕಿಸಿಕೊಂಡು ಮೊಬೈಲಿನಲ್ಲಿ ಹಾಡು ಕೇಳುತ್ತಿದ್ದರು. ಒಬ್ಬಳು ಹಾಡು ಕೇಳುತ್ತಲೇ ಅಂದಾಜಿನ ಮೇಲೆ ಹೂಂ ಅನ್ನುತ್ತಿದ್ದಳು. ದೊಡ್ಡವ್ವ ಅವಳನ್ನು ಹಿಡಿಯಲು ನಡುವೆ, "ಆಮೇಲೆ ನಿನ್ ಗಂಡ ಇನ್ನೊಬ್ಳನ್ನ ಕಟ್ಕಂಡು ಓಡೋದ್ನಾ?" ಎಂದು ಕೇಳಿದರು. ಅವಳು "ಹೂಂ" ಅಂದಳು. ಆವತ್ತು ಮಧ್ಯಾಹ್ನದ ಊಟದವರೆಗೂ ಶೆಡ್ಡಿನಲ್ಲಿ ನಗು ನಿಲ್ಲಲಿಲ್ಲ.

ಕೊನೆಗೆ ನಿಜವಾಗಿ ಹೂಂ ಅನ್ನುವವಳು ನಾನೊಬ್ಬಳೇ ಉಳಿದೆ.

ಅವರು ಎಲೆಯನ್ನು ಬೆಳಕಿಗೆ ಹಿಡಿದು ನೋಡುವುದೇ ಒಂದು ಚೆಂದ. ಬಿಸಿ ಗಾಳಿಯಲ್ಲಿ ಬೇಯಿಸಿ ಒಣಗಿಸಿದ ಸೊಪ್ಪಿನಲ್ಲಿ ನಿಂಬೆ ಬಣ್ಣದ್ದು, ಕಿತ್ತಳೆ ಬಣ್ಣದ್ದು, ಕಂದು, ಹಸಿರು ಉಳಿದದ್ದು ಎಲ್ಲ ಬೇರೆ ಬೇರೆ ಮಾಡಬೇಕು. ನಾವು ಒಂದು ಎಲೆಯನ್ನು ಎರಡು ಸಲ ತಿರುಗಿಸಿ ನೋಡುತ್ತಿದ್ದೆವು. ಅವರು ತೊಟ್ಟು ಹಿಡಿದು ಒಮ್ಮೆ ಕೊಡವಿದರೆ ಸಾಕು, ಅದು ಯಾವ ಗುಡ್ಡೆಗೆ ಹೋಗಬೇಕೋ ಅಲ್ಲಿಗೆ ಬೀಳುತ್ತಿತ್ತು. ಅವರ ಶರ್ಟು ಉದ್ದ ತೋಳಿನ ನೀಲಿ ಗೀಟಿನದು, ತೀರಿಹೋದ ಗಂಡನದು. ಬೆನ್ನಲ್ಲಿ ಹರಿದರೆ ತೇಪೆ ಹಾಕಿಕೊಂಡು ಬರುತ್ತಿದ್ದರೇ ಹೊರತು ಬೇರೆ ಶರ್ಟು ಹಾಕಿದ್ದನ್ನು ನಾನು ಕಾಣೆ. ಅವರಿಗೆ ಮಕ್ಕಳಿರಲಿಲ್ಲ.

ದೇವರ ಜೊತೆ ಅವರದ್ದು ಮುಗಿಯದ ತಕರಾರು. ಆನೆಯ ಕಾಲನ್ನು ಮೊಸಳೆ ಹಿಡಿದ ಕಥೆಯನ್ನು ತಿಂಗಳಿಗೊಮ್ಮೆಯಾದರೂ ಹೇಳುತ್ತಿದ್ದರು. ಆನೆ ಸೊಂಡಿಲೆತ್ತಿ ಕೂಗುತ್ತದೆ, ಭಗವಂತ ಇದ್ದ ಬಟ್ಟೆಯಲ್ಲೇ ಎದ್ದು ಓಡಿ ಬರುತ್ತಾನೆ. ನಾನು ಹೂಂ ಅನ್ನುತ್ತೇನೆ. ಅಲ್ಲಿಗೆ ಕಥೆ ಮುಗಿಯಬೇಕು, ಆದರೆ ಅವರು ಬಿಡುತ್ತಿರಲಿಲ್ಲ.

"ಸಾವ್ರ ವರ್ಷ ಒದ್ದಾಡ್ತಂತೆ ಆನೆ. ಆ ಸಾವ್ರ ವರ್ಷ ಇವ್ನೆಲ್ಲಿದ್ದ?"

"ಅದು ಕೂಗಿದ್ದು ಕೊನೇಲಿ ದೊಡ್ಡವ್ವ. ಅಲ್ಲೀವರೆಗೂ ತನ್ನ ಶಕ್ತಿ ನಂಬ್ಕೊಂಡಿತ್ತು" ಎಂದೆ ನಾನು. ಬಿ.ಎ. ಓದುವ ಹುಮ್ಮಸ್ಸು.

"ಓಹೋ. ಕೂಗೋದು ಗೊತ್ತಿಲ್ದಿದ್ರೆ ಕಣ್ಣಿಗೂ ಕಾಣಾಕಿಲ್ವಾ? ನಿಮ್ಮ ಪುಸ್ತಕ್ದಲ್ಲಿ ಅಂಗ್ ಬರ್ದವ್ರಾ?" ಅವರು ಇನ್ನೊಂದು ಎಲೆ ಕೊಡವಿದರು. "ನಮ್ಮಪ್ಪ ಓದೋವಾಗ ದೇವ್ರು ಬಂದಿದ್ದನ್ನ ಬಾಳ ಒತ್ತು ಓದ್ತಿದ್ರು. ಆನೆ ಕಾಯ್ದಿದ್ದನ್ನ ಒಂದೇ ಸಾಲಲ್ಲಿ ಮುಗ್ಸೋರು. ಕೇಳ್ದೋರ್ಗೆ ಅದು ಗೊತ್ತಾಗಲ್ಲ ಕಣವ್ವ. ಕಾಯ್ದೋರ್ಗೆ ಗೊತ್ತಾಯ್ತದೆ."

ಅವರು ಯಾರನ್ನು ಕಾಯುತ್ತಿದ್ದರು ಎನ್ನುವುದು ನನಗೆ ತಿಳಿದದ್ದು ಎರಡನೆಯ ವರ್ಷ, ಗೌರಿ ಹಬ್ಬದ ಹಿಂದಿನ ದಿನ.

ಅದಕ್ಕೂ ಮೊದಲು ಪರೀಕ್ಷೆಯ ಸಂಗತಿ ಹೇಳಬೇಕು. ಇಂಗ್ಲಿಷಿನಲ್ಲಿ ನಾನು ಎರಡು ಸಲ ಫೇಲಾದೆ. ಎರಡನೆಯ ಸಲ ಶೆಡ್ಡಿನಲ್ಲಿ ಯಾರಿಗೂ ಹೇಳಲಿಲ್ಲ, ಆದರೆ ಮುಖ ನೋಡಿ ಎಲ್ಲರಿಗೂ ಗೊತ್ತಾಯಿತು. ಆಗದ ಮಾತು ಎಂದಿದ್ದ ದೊಡ್ಡವ್ವ ತಮ್ಮ ಮಾತೇ ಗೆದ್ದಿತೆಂದು ಹಿಗ್ಗಲಿಲ್ಲ. ಮೂರನೆಯ ಸಲ ಪರೀಕ್ಷೆಯ ವಾರದಲ್ಲಿ ನನ್ನ ಪಾಲಿನ ಸೊಪ್ಪನ್ನು ತಮ್ಮ ಕಡೆ ಎಳೆದುಕೊಂಡು, "ಓಗು, ಬರ್ಕಂಡ್ ಬಾ. ಇದ ನಾನು ನೋಡ್ಕತೀನಿ. ಮೇಸ್ತ್ರಿ ಕೇಳುದ್ರೆ ಬಯಲ್ಕಡೀಕ್ ಓಗವ್ಳೆ ಅಂತೀನಿ" ಎಂದರು. ನಾಲ್ಕು ದಿನ ಇಬ್ಬರ ಕೆಲಸವನ್ನೂ ಒಬ್ಬರೇ ಮಾಡಿದರು. ನಾಲ್ಕು ದಿನವೂ ಬಯಲುಕಡೆಗೆ ಹೋದವಳು ಯಾವಾಗ ಬರುತ್ತಾಳೆ ಎಂದು ಮೇಸ್ತ್ರಿ ಕೇಳಿದನಂತೆ. ಆ ಸಲ ಪಾಸಾದೆ.

ಗೌರಿ ಹಬ್ಬಕ್ಕೆ ನಮ್ಮ ಕಡೆ ಮದುವೆಯಾದ ಹೆಣ್ಣುಮಕ್ಕಳಿಗೆ ತವರಿಂದ ಬಾಗಿನ ಬರಬೇಕು. ಅಣ್ಣನೋ ತಮ್ಮನೋ ಮೊರದಲ್ಲಿ ಅರಿಶಿನ, ಕುಂಕುಮ, ಬಳೆ, ರವಿಕೆ ಬಟ್ಟೆ, ಅಕ್ಕಿ, ಬೆಲ್ಲ ಇಟ್ಟು, ಮೇಲೊಂದು ಮೊರ ಮುಚ್ಚಿ ದಾರ ಸುತ್ತಿ ತರುತ್ತಾನೆ. ಹಬ್ಬದ ಹಿಂದಿನ ದಿನ ಶೆಡ್ಡಿನಲ್ಲಿ ಬೇರೆ ಮಾತೇ ಇಲ್ಲ. ಯಾರ ಅಣ್ಣ ಎಷ್ಟೊತ್ತಿಗೆ ಬರುತ್ತಾನೆ, ಯಾವ ಬಣ್ಣದ ಸೀರೆ. ದೊಡ್ಡವ್ವ ಆವತ್ತು ಕಥೆ ಹೇಳಲಿಲ್ಲ. ಮಧ್ಯಾಹ್ನವೇ ರಜ ಕೇಳಿಕೊಂಡು ಹೊರಟರು.

"ಇವ್ಳಿಗೆ ಇನ್ನೆಲ್ಲೀ ಬಾಗಿನ" ಎಂದಳು ಪಕ್ಕದವಳು, ಅವರು ಹೋದ ಮೇಲೆ. "ಪ್ರತಿ ವರ್ಷ ಇದೇ ಗೋಳು. ಮನೆ ಸಾರಿಸ್ಕಂಡು, ಬಾಗ್ಲಲ್ಲಿ ಕುಂತಿರ್ತಾಳೆ. ಗಂಡ ಸತ್ತ ವರ್ಷದಿಂದ ಅವ್ಳಣ್ಣ ಬಂದಿಲ್ಲ."

ಅಣ್ಣ ಕೆಟ್ಟವನೇನಲ್ಲ. ಜಗಳವೂ ಇರಲಿಲ್ಲ. ಬಾಗಿನ ಮುತ್ತೈದೆಯರಿಗೆ ಮಾತ್ರ, ವಿಧವೆಗೆ ಕೊಡುವ ಹಾಗಿಲ್ಲ. ಅವನು ತಂಗಿಯ ಮನೆಗೆ ಬರುತ್ತಿದ್ದದ್ದು ವರ್ಷಕ್ಕೊಮ್ಮೆ, ಅದೂ ಮೊರ ಹೊತ್ತು. ಮೊರ ನಿಂತಿತು, ಅವನೂ ನಿಂತ. ಗಾವಡಗೆರೆಗೂ ಅವರ ತವರಿಗೂ ಒಂದು ಬಸ್ಸು, ಒಂದು ಆಟೋದಷ್ಟು ದೂರ. ಇವರೇ ಹೋಗಬಹುದಿತ್ತಲ್ಲ ಎಂದು ನಾನು ಮುಂದೊಂದು ದಿನ ಕೇಳಿದೆ. "ಕರೀದೆ ಓದ್ರೆ, ಯಾಕ್ ಬಂದ್ಲೋ ಅಂತಾರೆ. ಕೇಳಾಕ್ ಬಂದವ್ಳೆ ಅಂತಾರೆ" ಎಂದರು. ದೇವರ ಕಥೆಗಳಲ್ಲಿ ಅವರಿಗೆ ಬಲು ಇಷ್ಟವಾದದ್ದು ತುಂಬಿದ ಸಭೆಯಲ್ಲಿ ಸೀರೆಗೆ ಕೈ ಹಾಕಿದಾಗ ಅಣ್ಣಾ ಎಂದು ಕೂಗಿದ ಹೆಣ್ಣಿನದು. ಅದನ್ನು ಹೇಳುವಾಗ ಅವರ ದನಿ ತೆಳ್ಳಗಾಗುತ್ತಿದ್ದದ್ದು ಯಾಕೆ ಎಂದು ಆಮೇಲೆ ಅರ್ಥವಾಯಿತು.

ಮೂರನೆಯ ವರ್ಷ ನಾನೊಂದು ತಪ್ಪು ಮಾಡಿದೆ. ಅವರಿಗೆ ಒಳ್ಳೆಯದನ್ನೇ ಮಾಡುತ್ತಿದ್ದೇನೆ ಎಂದುಕೊಂಡು ಮಾಡಿದ ತಪ್ಪು.

ಹುಣಸೂರಿನ ಸಂತೆಯಲ್ಲಿ ಒಂದು ಜೊತೆ ಮೊರ ಕೊಂಡೆ. ಅಕ್ಕಿ, ಬೆಲ್ಲ, ತೊಗರಿಬೇಳೆ, ತೆಂಗಿನಕಾಯಿ, ಬೂದು ಬಣ್ಣದ ಒಂದು ವಾಯಿಲ್ ಸೀರೆ ಇಟ್ಟೆ. ಅವರಿಗೆ ನೋವಾಗಬಾರದೆಂದು ಬಹಳ ಯೋಚಿಸಿ ಅರಿಶಿನ, ಕುಂಕುಮ, ಬಳೆ ಇಡಲಿಲ್ಲ. ಹಾಲಿನ ವ್ಯಾನು ಓಡಿಸುವ ನನ್ನ ಚಿಕ್ಕಪ್ಪನ ಮಗನ ಕೈಗೆ ಕೊಟ್ಟು, ಕೆ.ಆರ್.ನಗರದ ಕಡೆಯಿಂದ ನಿಮ್ಮಣ್ಣ ಕೊಟ್ಟು ಕಳಿಸಿದರು ಅನ್ನು ಎಂದು ಹೇಳಿಕೊಟ್ಟೆ. ಅವನು ಸಂಜೆ ಬಂದು ವರದಿ ಒಪ್ಪಿಸಿದ. "ಇಸ್ಕಂಡು ಕಣ್ಣಿಗೊತ್ಕಂಡ್ರು ಕಣಕ್ಕ. ಅಣ್ಣ ಎಂಗವ್ನೆ ಅಂದ್ರು. ಚೆನ್ನಾಗವ್ರೆ, ನಿಮ್ಮನ್ನೇ ಕೇಳ್ತಿದ್ರು ಅಂದೆ. ನಿಂತ್ಕಂಡೇ ಅತ್ತುಬುಟ್ರು." ನನಗೆ ಹೆಮ್ಮೆಯಾಯಿತು. ಸುಳ್ಳು ಹೇಳುತ್ತಿಲ್ಲ, ಬಹಳ ಹೆಮ್ಮೆಯಾಯಿತು.

ಹಬ್ಬ ಕಳೆದ ಮಾರನೆಯ ದಿನ ಶೆಡ್ಡಿಗೆ ಹೋದರೆ ನನ್ನ ಚೀಲದ ಮೇಲೆ ಮೊರದ ಸಮೇತ ಎಲ್ಲ ಸಾಮಾನೂ ಇತ್ತು. ಸೀರೆಯ ಮಡಿಕೆ ಬಿಚ್ಚಿರಲಿಲ್ಲ.

"ದೊಡ್ಡವ್ವ" ಎಂದೆ.

"ನೀನೇ ಅಂತ ಗೊತ್ತಾಯ್ತು ಕಣವ್ವ. ನಮ್ಮಣ್ಣ ಆಗಿದ್ರೆ ಮೊರನೇ ಕಳಿಸ್ತಿರ್ಲಿಲ್ಲ. ನಾನು ಮುಂಡೆ ಅನ್ನೋದು ಅವ್ನಿಗೆ ಗೊತ್ತು." ದನಿ ಏರಲಿಲ್ಲ. "ದಾರ ಬಿಚ್ಚೋ ಗಂಟ ಅವ್ನೇ ಅಂದ್ಕಂಡಿದ್ದೆ. ಬಿಚ್ಚಿ ನೋಡುದ್ರೆ ಕುಂಕುಮ ಇಲ್ಲ, ಬಳೆ ಇಲ್ಲ. ಅಷ್ಟೆಲ್ಲ ಯೋಚ್ನೆ ಮಾಡಿ ಅವನ್ನ ತೆಗ್ದಿಡೋಳು ನೀನೊಬ್ಳೇ. ಇಷ್ಟು ವರ್ಷ ಯಾರೂ ನನ್ ಮುಖಕ್ಕೆ ಏಳ್ದಿದ್ದುದ್ನ ನಿನ್ ಮೊರ ಏಳ್ತು."

"ನಿಮಗೆ ಖುಷಿಯಾಗಲಿ ಅಂತ..."

"ಗೊತ್ತು ಬುಡು. ನಿನ್ನ ಎಸ್ರೇಳ್ಕಂಡು ಒಂದು ಲೋಟ ಮಜ್ಜಿಗೆ ತಂದಿದ್ರೂ ಕುಡೀತಿದ್ದೆ. ಇನ್ನೊಬ್ರ ಎಸ್ರಲ್ಲಿ ಯಾಕ್ ಬಂದೆ? ಬರ್ದಿರೋನ್ನ ಬಂದ ಅಂತ ನೀನು ಏಳ್ಬಾರ್ದು. ಅಣ್ಣನ್ನೂ ಏಳ್ಬಾರ್ದು, ದೇವ್ರನ್ನೂ ಏಳ್ಬಾರ್ದು. ಅವ್ರು ಬಂದ್ರೆ ಬತ್ತಾರೆ. ಇಲ್ದಿದ್ರೆ ನಾನು ಕಾಯ್ತೀನಿ."

ಆವತ್ತು ಕಥೆ ಶುರು ಮಾಡಿದರು. ನಾನು ಹೂಂ ಅಂದೆ. ಅವರು ನಿಲ್ಲಿಸಿ, "ನೀನು ಅನ್ಬ್ಯಾಡ" ಎಂದರು. ಬೇರೆ ಯಾರೂ ಅನ್ನಲಿಲ್ಲ. ಅವರು ಒಂದು ಮಾತು ಹೇಳಿ, ಬಲಗಡೆಯ ಖಾಲಿ ಚೀಲದ ಕಡೆ ನೋಡಿ, ಹೂಂ ಅನ್ನುವಷ್ಟು ಹೊತ್ತು ಸುಮ್ಮನಿದ್ದು, ಮುಂದಿನ ಮಾತಿಗೆ ಹೋದರು. ಹೀಗೆ ಎಂಟು ದಿನ. ಅಷ್ಟು ಖಾಲಿಯಾದ ಸದ್ದನ್ನು ನಾನು ಬೇರೆಲ್ಲೂ ಕೇಳಿಲ್ಲ. ಹಾಡು ಕೇಳುತ್ತಿದ್ದವರೂ ಕಿವಿಯಿಂದ ವಯರು ತೆಗೆದು ತಲೆ ತಗ್ಗಿಸಿ ಕೂತಿದ್ದರು.

ಒಂಬತ್ತನೆಯ ದಿನ ಭಾನುವಾರ. ಹಬ್ಬವಿಲ್ಲ, ಹುಣ್ಣಿಮೆಯಿಲ್ಲ. ಮಧ್ಯಾಹ್ನ ನಾನು ಬರಿಗೈಯಲ್ಲಿ ಅವರ ಮನೆಗೆ ಹೋದೆ. ಬಾಗಿಲು ತಟ್ಟಿದೆ. "ಯಾರು?" ಎಂದರು. ನಾನು ನನ್ನ ಹೆಸರು ಹೇಳಿದೆ. ಆಮೇಲೆ ಚಿಲಕ ಸರಿಯಿತು.

"ಏನ್ ತಂದಿದ್ದೀಯ?"

"ಏನಿಲ್ಲ ದೊಡ್ಡವ್ವ. ಸುಮ್ಮನೆ ಬಂದೆ."

"ಅಂಗಾದ್ರೆ ಒಳೀಕ್ ಬಾ."

ಹುರುಳಿಕಾಳಿನ ಸಾರು, ಮುದ್ದೆ ಬಡಿಸಿದರು. ಅವರ ಮನೆಯಲ್ಲಿ ಎರಡು ತಟ್ಟೆಗಳಿದ್ದವು, ಒಂದರ ಮೇಲೆ ಧೂಳು ಕೂತಿತ್ತು. ಅದನ್ನು ಸೆರಗಿನಿಂದ ಒರೆಸಿ, ಮತ್ತೆ ತೊಳೆದು ನನಗೆ ಇಟ್ಟರು. ನಾನು ಉಣ್ಣುವುದನ್ನು ನೋಡುತ್ತಾ ಕೂತಿದ್ದರು. ನಾನು ಬರಬಹುದು ಎಂದುಕೊಂಡಿದ್ದಿರಾ ಎಂದು ಕೇಳಿದೆ. "ಇಲ್ಲ ಕಣವ್ವ. ಯಾರೂ ಬತ್ತಾರೆ ಅಂತ ಅಂದ್ಕಂಡಿರ್ಲಿಲ್ಲ" ಎಂದರು.

ಹೊರಡುವಾಗ ನಾನು ಮಾತು ಕೊಟ್ಟೆ. ಡಿಗ್ರಿ ಸರ್ಟಿಫಿಕೇಟು ಬಂದ ದಿನ ಯಾರ ಕೈಯಲ್ಲೂ ಹೇಳಿ ಕಳಿಸುವುದಿಲ್ಲ, ನಾನೇ ತಂದು ನಿಮ್ಮ ಕೈಗೆ ಕೊಡುತ್ತೇನೆ ಎಂದೆ. ಅವರು, "ನೋಡಾನ" ಎಂದರು. ಸೋಮವಾರದಿಂದ ಮತ್ತೆ ನನಗೆ ಹೂಂ ಅನ್ನಲು ಬಿಟ್ಟರು.

ಮುಂದಿನ ವರ್ಷ ಕೊನೆಯ ಪರೀಕ್ಷೆ ಪಾಸಾದೆ. ಪಿರಿಯಾಪಟ್ಟಣದ ಕಡೆ ಒಂದು ಪಂಚಾಯಿತಿ ಲೈಬ್ರರಿ ನೋಡಿಕೊಳ್ಳುವ ಕೆಲಸ ಸಿಕ್ಕಿತು. ಅದಕ್ಕೆ ಅಂಕಪಟ್ಟಿ ಸಾಕಾಗಿತ್ತು. ಸರ್ಟಿಫಿಕೇಟಿಗೆ ಮೈಸೂರಿಗೆ ಹೋಗಿ ಅರ್ಜಿ ಹಾಕಿ ಬಂದೆ. ಅದು ಬಂದು ವಿಶ್ವವಿದ್ಯಾಲಯದ ಕೌಂಟರಿನಲ್ಲಿ ಬಿದ್ದಿದೆ ಎಂದು ಮೊಬೈಲಿಗೆ ಮೆಸೇಜೂ ಬಂತು. ಮುಂದಿನ ವಾರ ಹೋದರಾಯಿತು ಎಂದುಕೊಂಡೆ. ಹಾಗೆ ಅಂದುಕೊಳ್ಳುತ್ತಲೇ ಎರಡು ವರ್ಷ ಕಳೆಯಿತು. ದೊಡ್ಡವ್ವನ ಹತ್ತಿರ ಫೋನಿರಲಿಲ್ಲ. ಇದ್ದಿದ್ದರೂ ಮಾಡುತ್ತಿದ್ದೆನೋ ಇಲ್ಲವೋ. ಕೆಲಸ ಜಾಸ್ತಿ ಇತ್ತು ಎಂದು ಬರೆಯಬಹುದು, ಅದು ನಿಜವಲ್ಲ. ಮರೆತಿದ್ದೆ.

ಚಿಕ್ಕಪ್ಪನ ಮಗ ಫೋನು ಮಾಡಿ, ಆ ದೊಡ್ಡವ್ವ ಹೋಗಿಬಿಟ್ಟರು ಕಣಕ್ಕ, ಎರಡು ದಿನ ಬಾಗಿಲು ತೆಗೆಯದಿದ್ದುದನ್ನು ನೋಡಿ ಪಕ್ಕದವರು ಚಿಲಕ ಮೀಟಿದರಂತೆ ಎಂದ. ಮಾರನೆಯ ಬೆಳಿಗ್ಗೆಯೇ ನಾನು ಮೈಸೂರಿನ ಬಸ್ಸು ಹತ್ತಿದೆ. ಕೌಂಟರಿನವರು ಗುರುತಿನ ಚೀಟಿ ನೋಡಿ, ರಿಜಿಸ್ಟರಿನಲ್ಲಿ ಸಹಿ ಹಾಕಿಸಿಕೊಂಡು, ಐದು ನಿಮಿಷದಲ್ಲಿ ಸರ್ಟಿಫಿಕೇಟು ಕೊಟ್ಟರು. ಐದೇ ನಿಮಿಷ.

ಹನ್ನೊಂದನೆಯ ದಿನದ ತಿಥಿಗೆ ಅದನ್ನು ತೆಗೆದುಕೊಂಡು ದೊಡ್ಡವ್ವನ ಊರಿಗೆ ಹೋದೆ. ಮನೆ ಮುಂದೆ ನಾಲ್ಕೈದು ಜನ. ಜಗಲಿಯ ಮೇಲೆ ತಲೆ ಬೋಳಿಸಿಕೊಂಡ ಮುದುಕರೊಬ್ಬರು ಕೂತಿದ್ದರು. ಕೈಯ ಬೆರಳುಗಳು ದೊಡ್ಡವ್ವನವೇ.

"ನೀನ್ಯಾರವ್ವ?" ಎಂದರು.

ಜೊತೆಯಲ್ಲಿ ಸೊಪ್ಪು ವಿಂಗಡಿಸುತ್ತಿದ್ದೆ ಎಂದೆ. ಆಮೇಲೆ ಮೊರದ ವಿಷಯವನ್ನೂ ಹೇಳಿದೆ. ನಿಮ್ಮ ಹೆಸರು ಹೇಳಿ ನಾನು ಸುಳ್ಳು ಕಳಿಸಿದ್ದೆ, ದಾರ ಬಿಚ್ಚುವವರೆಗೂ ನೀವೇ ಎಂದು ಅವರು ನಂಬಿದ್ದರು ಎಂದೆ. ಅವರು ನನ್ನನ್ನು ಬೈಯಬಹುದೆಂದುಕೊಂಡಿದ್ದೆ, ಬೈಯಲಿಲ್ಲ.

ಕವರಿನಿಂದ ಸರ್ಟಿಫಿಕೇಟು ತೆಗೆದೆ. "ಇದನ್ನ ಅವರ ಕೈಗೆ ಕೊಡ್ತೀನಿ ಅಂದಿದ್ದೆ. ನೀವು ಇಸ್ಕೊಳ್ಳಿ" ಎಂದೆ.

ಅವರು ಪಂಚೆಗೆ ಕೈ ಒರೆಸಿಕೊಂಡು, ಎರಡೂ ಕೈಯಲ್ಲಿ ಹಿಡಿದುಕೊಂಡರು. ಓದಲು ಬರುತ್ತಿತ್ತೋ ಇಲ್ಲವೋ, ಹಾಳೆಯನ್ನು ಸ್ವಲ್ಪ ದೂರ ಹಿಡಿದು ನೋಡುತ್ತಲೇ ಇದ್ದರು.

"ಗಂಡ ಸತ್ತೋಳ ಮನೆಗೆ ಗೌರಿ ಅಬ್ಬಕ್ಕೆ ಓಗ್ಬಾರ್ದು ಅಂದ್ರು ಇರೀಕ್ರು. ಸರಿ ಅಂತ ಬುಟ್ಟೆ" ಎಂದರು. "ವರ್ಷದಲ್ಲಿ ಬ್ಯಾರೆ ದಿವ್ಸಗಳೂ ಇದ್ವು ಕಣವ್ವ. ನಂಗೆ ತೋಚ್ಲೇ ಇಲ್ಲ."